ಕಾರ್ಡಿನ ರಕಾರ, ಗ್ಲಾಸಿನ ಆಕಾರ: ಸ್ವೀಕೃತ ಪದಗಳಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರದ ಕನ್ನಡದಲ್ಲಿ ‘ಕಾರ್ಡು’, ‘ಪಾರ್ಕು’ ಪದಗಳ ರಕಾರ ಸ್ಪಷ್ಟವಾಗಿ ಕೇಳಿಸುತ್ತದೆ. ಪ್ರಮಾಣ ಬ್ರಿಟಿಷ್ ಉಚ್ಚಾರಣೆಯಲ್ಲಿ ಸ್ವರವು ಪರವಾಗಿಲ್ಲದಿದ್ದರೆ ರಕಾರ ಲೋಪವಾಗುತ್ತದೆ. ಸಾಮಾನ್ಯ ಅಮೆರಿಕನ್ ಉಚ್ಚಾರಣೆಯಲ್ಲಿ ಉಳಿಯುತ್ತದೆ. ಇಷ್ಟರಿಂದಲೇ ಕನ್ನಡದ ರೂಪಗಳಿಗೆ ಅಮೆರಿಕನ್ ಮೂಲವನ್ನು ಹೇಳಬಹುದೆ? ಹೇಳಲಾಗದು ಎಂಬುದು ನಮ್ಮ ವಾದ.

‘ಗ್ಯಾಸು’, ‘ಗ್ಲಾಸು’ ಪದಗಳನ್ನು ಹೋಲಿಸೋಣ. ಅಮೆರಿಕನ್ ಉಚ್ಚಾರಣೆಯಲ್ಲಿ ಇವೆರಡರಲ್ಲೂ ಒಂದೇ ಸ್ವರವಿದೆ. ಎರಡನೆಯದರಲ್ಲಿ ದೀರ್ಘ ಆಕಾರವನ್ನು ನುಡಿಯುವುದು ದಕ್ಷಿಣ ಇಂಗ್ಲೆಂಡಿನ ರೂಢಿ. ಕನ್ನಡ ಈ ಭೇದವನ್ನು ಹಾಗೆಯೇ ಉಳಿಸಿಕೊಂಡಿದೆ. ಇಂಗ್ಲಿಷ್ ಬರಹದಲ್ಲಿ ಎರಡಕ್ಕೂ ಒಂದೇ ಸ್ವರಾಕ್ಷರವಿರುವುದರಿಂದ ಭೇದವು ಕಿವಿಯ ಮೂಲಕ ಬಂದಿರಬೇಕು. ರಕಾರಕ್ಕಾದರೋ ಬರಹವೇ ಸಾಕಷ್ಟು ಆಧಾರ.

ಚರಿತ್ರೆಯೂ ಇದಕ್ಕೆ ಪೂರಕವಾಗಿದೆ. ಬಳ್ಳಾರಿ ಸೀಮೆ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಮುಂದೆ 1953ರವರೆಗೂ ಮದರಾಸಿನ ಆಡಳಿತದಲ್ಲಿತ್ತು. ಸಂಡೂರು ಸಂಸ್ಥಾನ ಮದರಾಸಿಗೆ ಸೇರಿದ್ದು 1949ರಲ್ಲಿ. ಇಂದಿಗೂ ಸಂಡೂರಿನ ಅದಿರು ಸಾಗುವುದು ‘ಲಾರಿ’ಯಲ್ಲಿ, ಆ ಪದವೂ ಬ್ರಿಟಿಷ್ ಬಳಕೆಯದೇ.

ಒಂದೇ ಭಾಷೆಯಿಂದ ಬಂದ ಪದಗಳಲ್ಲಿಯೂ ಸ್ವರ ಮತ್ತು ವ್ಯಂಜನಗಳು ಬೇರೆ ಬೇರೆ ದಾರಿಗಳಲ್ಲಿ ಬರಬಹುದು. ಆದ್ದರಿಂದ ಇಂದಿನ ಯುವಜನರ ಮಾತಿನಲ್ಲಿ ಅಮೆರಿಕನ್ ಪ್ರಭಾವವನ್ನು ಅರಸುವವರು ರಕಾರವನ್ನಲ್ಲ, ‘ಗ್ಲಾಸು’ ಪದದ ಸ್ವರವನ್ನು ಪರೀಕ್ಷಿಸಬೇಕು.