ಪಹಣಿಯಲ್ಲಿ ರಾಗಿ, ತೋಟದಲ್ಲಿ ಮಾವು

ಶ್ರೀನಿವಾಸಪುರದ ಕಡೆ ಮೂವತ್ತು ವರ್ಷದ ತೋತಾಪುರಿ ಮರಗಳಿರುವ ತೋಟಕ್ಕೂ ಪಹಣಿಯ ಬೆಳೆ ಕಾಲಂನಲ್ಲಿ ‘ರಾಗಿ’ ಎಂದು ಬರುವುದುಂಟು. ಕಂಪ್ಯೂಟರನ್ನು ಬೈದು ಫಲವಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಗಾಗಿ 177 ತಾಲೂಕುಗಳ ಸುಮಾರು 2 ಕೋಟಿ ಕೈಬರಹದ ಪಹಣಿಗಳನ್ನು ಟೈಪು ಮಾಡಿದಾಗ, ಪುಸ್ತಕದಲ್ಲಿ ಏನಿತ್ತೋ ಅದೇ ಒಳಗೆ ಹೋಯಿತು.

ಮಾಲೀಕರ ಹೆಸರಿಗೆ ಕಾವಲು ಬಿಗಿಯಾಗಿದೆ. ಜಮೀನು ಕ್ರಯವಾದರೆ ನೋಂದಣಿ ಕಚೇರಿಯ ‘ಕಾವೇರಿ’ ತಂತ್ರಾಂಶ ‘ಭೂಮಿ’ಗೆ ತಿಳಿಸುತ್ತದೆ. ಮ್ಯುಟೇಶನ್ ಅರ್ಜಿ ಬಂದ ಸರದಿಯಲ್ಲೇ ಸಾಗಬೇಕು, ಬೆರಳಚ್ಚು ಕೊಟ್ಟ ಸಿಬ್ಬಂದಿಯಷ್ಟೇ ದಾಖಲೆ ಮುಟ್ಟಬಹುದು. ಆದರೆ ಮಾವಿನ ಸಸಿ ನೆಡಲು ಯಾರೂ ಸಬ್‌ರಿಜಿಸ್ಟ್ರಾರ್ ಹತ್ತಿರ ಹೋಗುವುದಿಲ್ಲವಲ್ಲ! ಬೆಳೆ ಬದಲಾದ ಸುದ್ದಿ ಹೊಲದಲ್ಲೇ ಉಳಿಯುತ್ತದೆ.

ಅದನ್ನು ಹೊರತರಲು ಬಂದದ್ದು ಬೆಳೆ ಸಮೀಕ್ಷೆ ಆ್ಯಪ್; 2020ರಿಂದ ರೈತರೇ ಫೋಟೊ ಹಾಕಬಹುದು. ಫೋನು ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗ ಲೆಕ್ಕ ಹಾಕಿ, ಅದು ನೀವು ಆಯ್ದ ಸರ್ವೆ ನಂಬರಿನ ಗಡಿಯೊಳಗಿದೆಯೇ ಎಂದು ಡಿಜಿಟಲ್ ನಕ್ಷೆಯಲ್ಲಿ ತಾಳೆ ನೋಡುತ್ತದೆ. ಬಯಲಿನಲ್ಲೂ ಈ ಲೆಕ್ಕ ಐದಾರು ಮೀಟರ್ ಆಚೀಚೆಯಾಗಬಹುದು, ದಟ್ಟ ಮರದಡಿ ಇನ್ನೂ ಹೆಚ್ಚು. ಒಂದು ಗುಂಟೆಯ ಬದಿ 33 ಅಡಿ, ಅಂದರೆ ಹತ್ತು ಮೀಟರ್. ಬದುವಿನ ಮೇಲೆ ನಿಂತು ಕ್ಲಿಕ್ಕಿಸಿದರೆ ನೀವು ಪಕ್ಕದವರ ಹೊಲದಲ್ಲಿದ್ದೀರೆಂದು ಫೋನು ತಿಳಿದರೂ ತಿಳಿದೀತು. ಹೊಲದ ನಡುವೆ ನಿಲ್ಲಿ. ಅಕ್ಕಡಿ ಸಾಲಿನ ಅವರೆಯನ್ನೂ ಮರೆಯದೆ ನಮೂದಿಸಿ. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಅದೇ.

ಜಾಗಕ್ಕಿಂತ ಕಾಲವೇ ಹೆಚ್ಚು ಕಾಡುತ್ತದೆ. ಅಂಗಡಿಯವನು ಉಪ್ಪಿನ ಚೀಲವನ್ನು ತಿಂಗಳಿಗೊಮ್ಮೆ ಎಣಿಸಿಯಾನು, ಕೊತ್ತಂಬರಿ ಕಟ್ಟನ್ನು ಸಂಜೆಗೇ ಎಣಿಸಬೇಕು. ಮಾಲೂರಿನ ನೀಲಗಿರಿ ತೋಪು, ಶ್ರೀನಿವಾಸಪುರದ ಮಾವು ಉಪ್ಪಿನ ಚೀಲದ ಜಾತಿ: ಒಮ್ಮೆ ಸರಿಯಾಗಿ ಬರೆದರೆ ವರ್ಷಗಟ್ಟಲೆ ನಡೆಯುತ್ತದೆ. ಮುಳಬಾಗಿಲಿನ ಟೊಮೇಟೊ ಹಾಗಲ್ಲ. ನಾಟಿಯಾಗಿ ಎರಡು–ಎರಡೂವರೆ ತಿಂಗಳಿಗೆ ಕೋಲಾರ ಮಂಡಿಗೆ ಕ್ರೇಟುಗಳು ಹೊರಡುತ್ತವೆ, ನಾಲ್ಕೈದು ತಿಂಗಳಲ್ಲಿ ಗಿಡವೇ ಇರುವುದಿಲ್ಲ. ಮುಂಗಾರು, ಹಿಂಗಾರು, ಬೇಸಿಗೆ ಎಂದು ಹಂಗಾಮಿನ ಸುತ್ತುಗಳಲ್ಲಿ ನಡೆಯುವ ಸಮೀಕ್ಷೆಗೆ ಎರಡು ಸುತ್ತಿನ ನಡುವೆ ನೆಟ್ಟದ್ದು ತಡವಾಗಿ ಕಾಣುತ್ತದೆ. ಎಲ್ಲ ಬೆಳೆಗೂ ಒಂದೇ ಕ್ಯಾಲೆಂಡರ್ ಹಾಕಿರುವುದು ನನ್ನ ಪ್ರಕಾರ ಈ ವ್ಯವಸ್ಥೆಯ ದೊಡ್ಡ ಕೊರತೆ.

ಬೆಳೆ ಹಾನಿ ಪರಿಹಾರ, ವಿಮೆ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಈಗ ನೋಡುವುದು ಈ ಸಮೀಕ್ಷೆಯ ದಾಖಲೆಯನ್ನೇ. ಬೆಲೆ ಬಿದ್ದ ಮೇಲೆ ತಾಲೂಕು ಕಚೇರಿಗೆ ಓಡುವ ಬದಲು, ಸಮೀಕ್ಷೆಯ ವಿವರ ತೋರಿಸುವ ‘ಬೆಳೆ ದರ್ಶಕ್’ ಆ್ಯಪಿನಲ್ಲಿ ಇಂದೇ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ. ಮಾವಿನ ತೋಟಕ್ಕೆ ರಾಗಿ ಎಂದಿದ್ದರೆ ಗಡುವು ಮುಗಿಯುವುದರೊಳಗೆ ಅಲ್ಲೇ ಆಕ್ಷೇಪಣೆ ಸಲ್ಲಿಸಿ.