ಟಿಕೆಟ್ ತಗೊಂಡು ನಾಟಕ ನೋಡುವ ಸೀಮೆ

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ತೇರು ಎಳೆದ ಮೇಲೆ ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ. ರಸ್ತೆಯುದ್ದಕ್ಕೂ ನಾಟಕ ಕಂಪನಿಗಳ ತಗಡಿನ ಥೇಟರುಗಳು ಎದ್ದು ನಿಲ್ಲುತ್ತವೆ. ಜಾತ್ರೆಯ ಭರದಲ್ಲಿ ಒಂದೇ ದಿನ ಹಲವು ಆಟ. ಕೊನೆಯ ಆಟ ಮುಗಿಯುವಾಗ ಬೆಳ್ಳಿ ಮೂಡಿರುತ್ತದೆ. ರೊಟ್ಟಿಬುತ್ತಿ ಕಟ್ಟಿಕೊಂಡು ಬಂದ ಮಂದಿ ಕೈಯಿಂದ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಒಳಗೆ ಹೋಗುತ್ತಾರೆ.

ಇಂಥ ಸೀಮೆಯಲ್ಲೂ ರಂಗಶಿಕ್ಷಣ ಮುಗಿಸಿ ಊರಿಗೆ ಮರಳಿದ ಹುಡುಗ ಹುಡುಗಿಯರಿಗೆ ಮನೆಯಲ್ಲಿ ಕೇಳುವ ಮೊದಲ ಮಾತು, ‘ಮುಂದ ಹೊಟ್ಟಿಗೆ ಏನ್ ಮಾಡ್ತಿ?’ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಟರನ್ನು ತಯಾರು ಮಾಡುತ್ತಿದೆ. ಮೈಸೂರಿನ ರಂಗಾಯಣ, ಸಾಣೇಹಳ್ಳಿಯ ರಂಗಶಾಲೆಗಳಿಂದಲೂ ಕಲಿತವರು ಹೊರಬರುತ್ತಾರೆ. ಅವರಲ್ಲಿ ಬಹಳ ಮಂದಿಯ ಕಣ್ಣು ಬೆಂಗಳೂರಿನ ಧಾರಾವಾಹಿಯ ಮೇಲೆ. ತಪ್ಪೇನಿಲ್ಲ. ಆದರೆ ನಾಟಕವನ್ನೇ ಕಸುಬಾಗಿ ನಂಬಿ ಬದುಕಿದ ಬಾಗಲಕೋಟೆ ಜಿಲ್ಲೆ ಇಲ್ಲೇ ಇದೆ; ಕಲಿತವರು ಅದರ ಕಡೆ ತಿರುಗಿ ನೋಡುವುದು ಕಡಿಮೆ ಎಂಬುದು ನನ್ನ ಸಂಕಟ.

ಹುನಗುಂದ ಸೀಮೆಯ ಸೂಳೇಭಾವಿಯಲ್ಲಿ ಹುಟ್ಟಿದ ಪಿ.ಬಿ. ಧುತ್ತರಗಿ ಕಂಪನಿಗಳಿಗೆ ನಾಟಕ ಬರೆದೇ ಹೆಸರಾದವರು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಅಭಿನಯದ ಸಿನಿಮಾ ಆಯಿತು. ರಾಜಕುಮಾರ್ ಹಿನ್ನೆಲೆ ಗಾಯಕರಾಗಿ ಮನೆಮಾತಾದದ್ದೂ ಅದೇ ಚಿತ್ರದಿಂದ. ಧುತ್ತರಗಿಯವರ ಪತ್ನಿ ಸರೋಜಮ್ಮ ಸ್ವತಃ ದೊಡ್ಡ ನಟಿ. ಪಕ್ಕದ ಕಮತಗಿಯ ಹೆಸರನ್ನು ಬಿ.ಆರ್. ಅರಿಷಿಣಗೋಡಿಯವರ ಹುಚ್ಚೇಶ್ವರ ನಾಟ್ಯ ಸಂಘ ನಾಡಿನ ಉದ್ದಗಲಕ್ಕೂ ಒಯ್ದಿತು. ಬೀಳಗಿಯ ಅಕ್ಕತಂಗಿಯರಲ್ಲಿ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದರು. ಗೋಹರಬಾಯಿ ಮರಾಠಿ ರಂಗನಟ ಬಾಲಗಂಧರ್ವರ ರಂಗಮಂಚ ಏರಿದರು.

ಕಂಪನಿಯ ಕೆಲಸ ರಂಗಶಾಲೆಯ ಕೆಲಸದಂತಲ್ಲ. ರಂಗದ ಮೇಲೆ ಅಲ್ಲಲ್ಲಿ ಮೈಕು ತೂಗುಬಿಟ್ಟಿರುತ್ತಾರೆ. ಅಳುವಾಗಲೂ, ಹೊಡೆದಾಡುವಾಗಲೂ, ಪ್ರೇಮದ ಮಾತಾಡುವಾಗಲೂ ನಟ ಆ ಮೈಕಿನ ಅಳತೆಯಲ್ಲೇ ನಿಲ್ಲಬೇಕು. ಎದುರಿಗೆ ಕೂತವರು ಸಿಳ್ಳೆ ಹೊಡೆದರೆ ಮಾತು ನಿಲ್ಲಿಸಿ ಕಾಯಬೇಕು, ಬೇಸತ್ತರೆ ಅಲ್ಲೇ ಮಾತು ಹುಟ್ಟಿಸಿ ಹಿಡಿದಿಡಬೇಕು. ಇಂಥ ಕೌಶಲ ಯಾವ ಪಠ್ಯದಲ್ಲೂ ಸಿಗುವುದಿಲ್ಲ. ಕಷ್ಟವೂ ಕಡಿಮೆಯಿಲ್ಲ. ಮಳೆಗಾಲದಲ್ಲಿ ಕಲೆಕ್ಷನ್ ಬೀಳುತ್ತದೆ, ಮಾಲೀಕರಿಂದ ತಗೊಂಡ ಮುಂಗಡ ಬೆನ್ನ ಮೇಲೇ ಉಳಿಯುತ್ತದೆ, ಕ್ಯಾಂಪು ಬದಲಾದಂತೆ ಮಕ್ಕಳ ಶಾಲೆಯೂ ಬದಲಾಗುತ್ತದೆ. ದ್ವಂದ್ವಾರ್ಥದ ಸಂಭಾಷಣೆ ಹೆಚ್ಚಿದೆ ಎಂಬ ದೂರು ನಿಜವೇ. ಅದನ್ನು ತಿದ್ದಬಲ್ಲವರು ಒಳಗೆ ಬಂದರೆ ತಾನೇ ತಿದ್ದುವುದು?

ಕಂಪನಿಗಿಂತ ದೊಡ್ಡ ಕ್ಷೇತ್ರ ಹಳ್ಳಿಯ ನಾಟಕ. ಸುಗ್ಗಿ ಮುಗಿದು ಜಾತ್ರೆ ಶುರುವಾದರೆ ಇಲ್ಲಿನ ಎಷ್ಟೋ ಊರುಗಳಲ್ಲಿ ಹುಡುಗರು ಪಟ್ಟಿ ಹಾಕಿ ದುಡ್ಡು ಕೂಡಿಸಿ ನಾಟಕ ಆಡುತ್ತಾರೆ. ಹಗಲೆಲ್ಲ ಹೊಲದಲ್ಲಿ ದುಡಿದವರಿಗೆ ರಾತ್ರಿ ಗುಡಿಯಲ್ಲಿ ತಾಲೀಮು. ಪೆಟಗಿ (ಹಾರ್ಮೋನಿಯಂ) ಬಾರಿಸುತ್ತ ಹಾಡು ಕೂರಿಸುವ, ಕೈ ಎತ್ತುವುದರಿಂದ ಹಿಡಿದು ನಿಲ್ಲುವುದರ ತನಕ ಕಲಿಸುವ ನಾಟಕದ ಮಾಸ್ತರಿಗೆ ಊರೇ ಊಟ ಹಾಕಿ ಸಂಭಾವನೆ ಕೊಡುತ್ತದೆ. ಅರಮನೆ, ಕಾಡು, ಬೀದಿಯ ಪರದೆ ಹೊತ್ತು ಸೀನ್ಸಿನವರು ಬರುತ್ತಾರೆ, ಬಣ್ಣ ಹಚ್ಚುವವರು ಬರುತ್ತಾರೆ. ಸ್ತ್ರೀಪಾತ್ರಕ್ಕೆ ಕಲಾವಿದೆಯರು ಪೇಟೆಗಳಿಂದ ಬರುತ್ತಾರೆ. ಹತ್ತಾರು ನಾಟಕ ಬಾಯಿಪಾಠವಿರುವ ಆಕೆ ಒಂದೇ ಸಲ ತಾಲೀಮು ನೋಡಿ ರಂಗಕ್ಕೆ ಇಳಿಯುತ್ತಾಳೆ. ಹಳ್ಳಿಯ ಹೀರೋ ಮಾತು ಮರೆತು ಕಣ್ಣು ಬಿಟ್ಟರೆ, ‘ನೀವು ಹೇಳಬೇಕೆಂದದ್ದು ಇದೇ ಅಲ್ಲವೇ’ ಎಂದು ಅವನ ಮಾತನ್ನು ತನ್ನ ಮಾತಿನಲ್ಲೇ ಸೇರಿಸಿ ದಾಟಿಸುತ್ತಾಳೆ. ಇಂಥವರನ್ನು ಜನ ಇನ್ನೂ ಸಸಾರ ಮಾಡಿ ಮಾತಾಡುತ್ತಾರೆ. ನನ್ನ ಕಣ್ಣಿಗೆ ಅವರು ಈ ಕಸುಬಿನ ಹಿರಿಯ ಗುರುಗಳು. ಹಳೆಯ ಮಾಸ್ತರರು ತೀರಿಹೋಗುತ್ತಿದ್ದಾರೆ. ಸಂಗೀತ ಬಲ್ಲ, ತಾಳ್ಮೆಯಿರುವ ರಂಗ ಪದವೀಧರ ಹಂಗಾಮಿನಲ್ಲಿ ನಾಲ್ಕಾರು ಊರು ಹಿಡಿದರೆ ಕೈ ಬರಿದಾಗದು.

ಉಳಿದ ದಾರಿಗಳೂ ಇವೆ. ಧಾರವಾಡ, ಕಲಬುರಗಿ, ಶಿವಮೊಗ್ಗದಲ್ಲೂ ರಂಗಾಯಣಗಳಿವೆ, ಕಾಯಂ ಹುದ್ದೆ ಮಾತ್ರ ವಿರಳ. ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರಗಳಲ್ಲಿ ಊರೂರು ಸುತ್ತುವ ಕೆಲಸವಿದೆ. ಬೇಸಿಗೆಯಲ್ಲಿ ಮಕ್ಕಳ ಶಿಬಿರ, ಇಲಾಖೆಗಳ ಬೀದಿನಾಟಕ, ಡಬ್ಬಿಂಗ್ ಕೂಡ ಆದಾಯ ತರುತ್ತವೆ. ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದುಂಟು. ಅವರ ಸಂಖ್ಯೆ ಬಹಳ ಸಣ್ಣದು. ಹುನಗುಂದ, ಇಳಕಲ್ಲಿನಂಥ ತಾಲ್ಲೂಕುಗಳ ಶಾಲೆಗಳಿಗೆ ಇಂಥ ಹುದ್ದೆ ಕೊಟ್ಟರೆ ಊರಿನ ನಾಟಕಕ್ಕೂ ಒಬ್ಬ ಮಾಸ್ತರ ಸಿಕ್ಕಂತೆ. ಸರ್ಕಾರ ಇದನ್ನು ತುರ್ತಾಗಿ ಮಾಡಬೇಕು.

ನಾಟಕ ಕಲಿತ ಮಗ ಮಗಳು ನಿಮ್ಮ ಮನೆಯಲ್ಲಿದ್ದರೆ ಈ ಸಲ ಬನಶಂಕರಿಗೆ ಕರೆತನ್ನಿ. ಟಿಕೆಟ್ ತಗೊಂಡು ಎರಡು ಕಂಪನಿಯ ಆಟ ನೋಡಲಿ. ಆಟ ಮುಗಿದ ಮೇಲೆ ಹಿಂದೆ ಹೋಗಿ ಮಾಲೀಕರ ಜೊತೆ, ಕಲಾವಿದರ ಜೊತೆ ಕೂತು ಮಾತಾಡಲಿ. ಒಂದು ಹಂಗಾಮು ದುಡಿದು ನೋಡಿ, ಬೆಂಗಳೂರಿಗೆ ಹೋಗುವುದನ್ನು ಆಮೇಲೆ ತೀರ್ಮಾನಿಸಲಿ.