ಒಂದು ನಿಮಿಷದ ದೂರ

ಜೂನ್ ತಿಂಗಳು ಸಮೀಪಿಸಿತೆಂದರೆ ನಮ್ಮ ಕಾಲೇಜಿನ ಹುಡುಗರಲ್ಲಿ ಕೆಲವರು ಫ್ರಾನ್ಸ್ ದೇಶದ ಲೆ ಮಾನ್ ಪಟ್ಟಣದ ಮಾತೆತ್ತುತ್ತಾರೆ. ಅಲ್ಲಿ ನಡೆಯುವ ಮೋಟಾರು ಓಟವನ್ನು ರಾತ್ರಿಯೆಲ್ಲ ಎಚ್ಚರವಿದ್ದು ಪರದೆಯ ಮೇಲೆ ನೋಡುವುದು ಅವರಿಗೊಂದು ಹಬ್ಬ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಲಘಟಗಿ ತಾಲೂಕಿನ ನನ್ನ ಹುಟ್ಟೂರಾದ ಮಿಶ್ರಿಕೋಟಿಯಿಂದ ಅಣ್ಣನ ಕರೆ ಬರುತ್ತದೆ. ಅವನದು ಕಾರಹುಣ್ಣಿಮೆಯ ಕರೆ. ಹಬ್ಬದ ಬೆನ್ನಿಗೆ ನಡೆಯುವ ಖಾಲಿ ಚಕ್ಕಡಿ ಓಟದ ಕರೆ. ಮೋಟಾರಿಗೂ ಎತ್ತಿಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ.

ಸಾಮಾನ್ಯವಾಗಿ ಓಟವೆಂದರೆ ದೂರವನ್ನು ಗೊತ್ತುಮಾಡಿ, ಅದನ್ನು ಯಾರು ಬೇಗ ಮುಗಿಸುವರೆಂದು ನೋಡುವುದು. 1923ರಲ್ಲಿ ಮೊದಲಾದ ಲೆ ಮಾನ್ ಓಟದ ರೀತಿಯೇ ಬೇರೆ. ಅಲ್ಲಿ ಗೊತ್ತುಮಾಡುವುದು ದೂರವನ್ನಲ್ಲ, ಕಾಲವನ್ನು. ಚಾಲಕರು ಸರದಿಯ ಮೇಲೆ ಹಗಲೂ ಇರುಳೂ ಗಾಡಿ ಓಡಿಸುತ್ತಾರೆ. 24 ಗಂಟೆಗಳಲ್ಲಿ ಎಲ್ಲರಿಗಿಂತ ಹೆಚ್ಚು ದೂರ ಸಾಗಿದವರಿಗೆ ಗೆಲವು. ಸುಮಾರು 13.6 ಕಿಲೋಮೀಟರಿನ ಆ ಸುತ್ತುದಾರಿಯಲ್ಲಿ ದೊಡ್ಡದೊಂದು ಭಾಗ ಉಳಿದ ದಿನಗಳಲ್ಲಿ ಜನ ಓಡಾಡುವ ರಸ್ತೆಯೇ. ನಮ್ಮ ಚಕ್ಕಡಿ ಓಟವೂ ಇದೇ ಕುಲದ್ದು. ಜೋಡೆತ್ತು, ಬರಿದಾದ ಚಕ್ಕಡಿ, ಊರ ಹೊರಗಿನ ಹಾದಿ, ಒಂದು ನಿಮಿಷ. ಸಿಳ್ಳು ಕೇಳಿದಾಗ ಗಾಲಿ ಎಲ್ಲಿದ್ದಿತೋ ಅಲ್ಲಿಗೆ ಗುರುತಿಟ್ಟು, ಟೇಪು ಹಿಡಿದು ಅಡಿ ಅಂಗುಲಗಳಲ್ಲಿ ಅಳೆಯುತ್ತಾರೆ. ಅವರದು ಒಂದು ಹಗಲು ಒಂದು ಇರುಳು. ನಮ್ಮದು ಅರುವತ್ತು ಎಣಿಸುವಷ್ಟು ಹೊತ್ತು.

ಕಾರಹುಣ್ಣಿಮೆ ಒಕ್ಕಲಿಗನ ವರ್ಷದ ಮೊದಲ ಹಬ್ಬ. ಹಿಂದಿನ ದಿನದ ಹೊನ್ನುಗ್ಗಿಗೆ ಎತ್ತುಗಳ ಮೈತೊಳೆದು ಹೊಟ್ಟೆತುಂಬ ಮೇಯಿಸುವರು. ಹುಣ್ಣಿಮೆಯಂದು ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಹಣೆಗೆ ಗೊಂಡೆ. ಕೋಡುಬಳೆಗೆ ಆ ಹೆಸರು ಸಾರ್ಥಕವಾಗುವುದೂ ಅಂದೇ. ಸಂಜೆ ಅಗಸಿಯಲ್ಲಿ ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದಾಯಿತೆಂಬುದರ ಮೇಲೆ ಆ ವರ್ಷದ ಬೆಳೆಯ ಭವಿಷ್ಯ ನುಡಿಯುವರು: ಬಿಳಿಯದು ಮುಂದಾದರೆ ಬಿಳಿಜೋಳದ ಹಿಂಗಾರಿ, ಕೆಂದು ಮುಂದಾದರೆ ಮುಂಗಾರಿ. ಮಲೆನಾಡಿನ ಸೆರಗಿಗೂ ಎರೆಭೂಮಿಯ ಅಂಚಿಗೂ ನಡುವೆ ಇರುವ ನಮ್ಮ ಸೀಮೆಯಲ್ಲಿ ಎರಡೂ ಬೇಕು. ಆದುದರಿಂದ ಯಾವ ಎತ್ತು ಗೆದ್ದರೂ ಜನ ಸಂತೋಷಪಡುತ್ತಾರೆ.

ಆದರೆ ಚಕ್ಕಡಿಯ ಓಟದಲ್ಲಿ ಬಹುಮಾನವಿದೆ, ಮಾನದ ಪ್ರಶ್ನೆಯಿದೆ. ನನಗೆ ಹತ್ತು ವರ್ಷವಿದ್ದಾಗ ನಮ್ಮ ತಂದೆಯ ಜೋಡಿ ಮೊದಲು ಬಂದಿತು. ಗುಲಾಲು ಎರಚಿ, ಹಲಗೆ ಬಾರಿಸಿ ಮೆರವಣಿಗೆಯಲ್ಲಿ ಮನೆಗೆ ಕರೆತಂದರು. ಆರತಿ ಮುಗಿದ ಮೇಲೆ ಅವ್ವ ಎಡಗಡೆಯ ಎತ್ತಿನ ಬೆನ್ನು ಒರೆಸಹೋದಳು. ಗುಲಾಲಿನ ಜೊತೆಗೆ ನೆತ್ತರೂ ಬಟ್ಟೆಗೆ ಹತ್ತಿತು. ಬಾರಕೋಲಿನ ತುದಿಗೆ ಮೊಳೆ ಇದ್ದಿತು. ಅವ್ವ ಒಂದು ಮಾತೂ ಆಡಲಿಲ್ಲ. ಅರಿಸಿನ ಕಲಸಿ ಹಚ್ಚಿದಳು. ಅಪ್ಪ ಆ ರಾತ್ರಿ ಹೋಳಿಗೆಯ ತಾಟಿನ ಮುಂದೆ ಕುಳಿತು ಹಾಗೆಯೇ ಎದ್ದುಹೋದರು. ಮುಂದೆ ಅವರು ಎಂದೂ ಜೋಡಿ ಹೂಡಲಿಲ್ಲ.

ನಾಡಿನ ನ್ಯಾಯವೂ ಈ ಮೊಳೆಯ ಸುತ್ತಲೇ ತಿರುಗಿದೆಯೆನ್ನಬೇಕು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕವು ಕಾಯದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ಎಡೆಮಾಡಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಯಮಗಳು ಕಟ್ಟುನಿಟ್ಟಾಗಿ ನಡೆಯಬೇಕೆಂದೂ ಹೇಳಿತು. ಓಟ ಉಳಿಯಿತು. ಆದರೆ ದಿಲ್ಲಿಯ ನ್ಯಾಯಪೀಠ ನಮ್ಮೂರ ಹಾದಿಗೆ ಬಂದು ಕೋಲುಗಳನ್ನು ನೋಡಲಾರದಷ್ಟೆ. ಅದನ್ನು ನೋಡಬೇಕಾದವರು ಊರವರೇ.

ಈ ವಿಚಾರದಲ್ಲಿ ನನಗೆ ಬುದ್ಧಿ ಹೇಳಿದ್ದು, ಆಶ್ಚರ್ಯವೆನಿಸಬಹುದು, ಲೆ ಮಾನ್. ಮೊದಲು ಅಲ್ಲಿ ಚಾಲಕರು ಹಾದಿಯ ಒಂದು ಬದಿಗೆ ನಿಂತು, ನಿಶಾನೆ ಬಿದ್ದೊಡನೆ ಎದುರು ಬದಿಯ ತಮ್ಮ ಗಾಡಿಗಳಿಗೆ ಓಡಿ ಹತ್ತಬೇಕಾಗಿದ್ದಿತು. ಅವಸರದಲ್ಲಿ ಸೊಂಟಪಟ್ಟಿ ಬಿಗಿಯುವವರು ಯಾರು? 1969ರಲ್ಲಿ ಬೆಲ್ಜಿಯಮ್ಮಿನ ಜಾಕಿ ಇಕ್ಸ್ ಎಂಬ ತರುಣ ಓಡಲಿಲ್ಲ. ಎಲ್ಲರೂ ಓಡುವಾಗ ತಾನು ನಡೆದುಹೋಗಿ, ಕುಳಿತು, ಪಟ್ಟಿ ಬಿಗಿದುಕೊಂಡು ಕೊನೆಯವನಾಗಿ ಹೊರಟ. ಅಂದಿನ ಮೊದಲ ಸುತ್ತಿನಲ್ಲಿಯೇ ಒಬ್ಬ ಚಾಲಕ ಪ್ರಾಣ ಕಳೆದುಕೊಂಡ. ಇಪ್ಪತ್ನಾಲ್ಕು ಗಂಟೆಗಳ ಕೊನೆಗೆ ನೂರಿಪ್ಪತ್ತು ಮೀಟರಿನಷ್ಟು ಅಂತರದಿಂದ ಗೆದ್ದವನು, ನಡೆದುಹೋದ ಆ ಇಕ್ಸ್. ಮರುವರ್ಷದಿಂದ ಓಡಿ ಹತ್ತುವ ಪದ್ಧತಿ ಹೋಯಿತು. ಗೆಲ್ಲುವ ಹಂಬಲವಿದ್ದವನೇ ಅವಸರವನ್ನು ನಿರಾಕರಿಸಿದ್ದರಿಂದ ಆ ಮಾತಿಗೆ ಬೆಲೆ ಬಂದಿತೆಂದು ನನ್ನ ಭಾವನೆ.

ಕಳೆದ ವಾರ ಅಣ್ಣನ ಕರೆ ಬಂದಿತು.

"ತಮ್ಮಾ, ಈ ಸಲ ಗಡಿಯಾರ ಹಿಡ್ಯಾಕ ನೀನ ಬರಬೇಕಂತ ಹಿರ್‍ಯಾರು ಹೇಳ್ಯಾರ."

"ಬರತೀನಿ ಅಣ್ಣಾ. ಆದರ ಓಡಸೋ ಮೊದಲ ಎಲ್ಲಾರ ಬಾರಕೋಲು ನಾ ನೋಡಾಂವ. ಮೊಳಿ ಇದ್ದ ಜೋಡಿಗೆ ಗಡಿಯಾರ ಹಚ್ಚೂದಿಲ್ಲ."

ಅತ್ತ ಕಡೆ ಬಹಳ ಹೊತ್ತು ಸದ್ದಿಲ್ಲ. ಬಳಿಕ ಅಣ್ಣನೆಂದ: "ಹೋದ ವರ್ಷ ನಮ್ಮ ಕೋಲಿಗೂ ಇತ್ತು, ತಮ್ಮಾ. ಮೊದಲ ನಮ್ಮದ ನೋಡು."

ಈ ಸಲ ಅಣ್ಣನ ಮಗ ಹಗ್ಗ ಹಿಡಿಯುತ್ತಾನೆ. ಮನೆಯಲ್ಲಿ ಉಳಿದಿರುವ ಕೊನೆಯ ಜೋಡಿ ಅದು. ಉಳುಮೆಗೆ ಟ್ರ್ಯಾಕ್ಟರು ಬಂದು ಕೆಲವು ವರ್ಷಗಳಾದುವು. ಬರಿಗೋಲಿನಿಂದ, ಬಾಯಿಮಾತಿನಿಂದ ಆ ಎತ್ತುಗಳು ಎಷ್ಟು ದೂರ ಓಡುವುವೆಂದು ಹುಡುಗನಿಗೆ ಅನುಮಾನ. ಹೋದ ವರ್ಷದ ದೂರ ಬಾರದೆ ಹೋದರೆ ಗೆಳೆಯರ ಮುಂದೆ ತಲೆತಗ್ಗಿಸಬೇಕಲ್ಲ ಎಂಬ ಅಳುಕು. ಅವನ ಅಳುಕನ್ನು ನಾನು ಹಗುರವಾಗಿ ಕಾಣಲಾರೆ. ಮಾನ ಅವನದು, ನನ್ನದು ಗಡಿಯಾರ ಮಾತ್ರ.

ಮುಂದಿನ ರವಿವಾರ ಓಟ. ಮಳೆ ಬಿದ್ದು ಹಾದಿ ಕೆಸರಾದರೆ ಗಾಲಿ ಹೂತು ಎಲ್ಲರ ದೂರವೂ ಕಡಿಮೆಯಾದೀತು. ಬಿಸಿಲು ಬಿದ್ದರೆ ಹಗುರ ಮೈಯ ಖಿಲಾರಿ ಜೋಡಿಗಳಿಗೆ ಅನುಕೂಲ. ಹಾದಿಯ ಅಂಚಿನಲ್ಲಿ ನಿಲ್ಲುವವರು ಹಗ್ಗದ ಆಚೆಗೇ ನಿಲ್ಲಲಿ. ಬೆದರಿದ ಎತ್ತಿಗೆ ನೆಂಟರು ಅನ್ಯರು ಎಂಬ ಭೇದವಿಲ್ಲ. ನಾನು ಶನಿವಾರ ಸಂಜೆಯೇ ಊರಿಗೆ ಹೊರಡುತ್ತೇನೆ. ಬೆಳಿಗ್ಗೆ ಮೊದಲು ಕೈಗೆತ್ತಿಕೊಳ್ಳುವ ಕೋಲು ನಮ್ಮ ಮನೆಯದು.